ಹೆಸರು ಒಳಗೆ, ಅಂಗಡಿ ಹೊರಗೆ

ವಾಗದರಿ ಎಂಬ ಊರಿನ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲೂಕು. ಕರ್ನಾಟಕದ ಗಡಿಗೆ ಹತ್ತಿರ ಇರುವ, ಮನೆಯಲ್ಲಿ ಕನ್ನಡ ಮಾತಾಡುವ ಊರು. ಅಲ್ಲಿ ಸಮುದ್ರ ಇಲ್ಲ, ತೆಂಗಿನ ತೋಟ ಇಲ್ಲ, ಬ್ಯಾರಿಗಳೂ ಇಲ್ಲ. ಕಪ್ಪು ಮಣ್ಣು, ಜೋಳ, ತೊಗರಿ, ಬಿಸಿಲು. ಆ ಊರಿನ ಒಬ್ಬ ಮುದುಕಿ ನನ್ನಲ್ಲಿ ಒಂದು ಪ್ರಶ್ನೆ ಕೇಳಿ ವರ್ಷಗಳಾದವು. ಇವತ್ತಿಗೂ ನನ್ನಲ್ಲಿ ಸರಿಯಾದ ಉತ್ತರ ಇಲ್ಲ. ಆ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇನೆ. ಓದಿ ಕೆಲವರಿಗೆ ಕೋಪ ಬರಬಹುದು. ಬರಲಿ.

ನಾನು ಜಾತ್ರೆ ವ್ಯಾಪಾರಿ. ನನ್ನ ಉಪ್ಪನೂ ಅದೇ. ಉಪ್ಪ ತಲೆಯ ಮೇಲೆ ಗಂಟು ಹೊತ್ತು ಬೈರಾಸು ಮಾರಿದವರು. ನಾನು ಪಿಕಪ್‌ನಲ್ಲಿ ಚಾದರ, ಬೈರಾಸು, ಚಾಪೆ ತುಂಬಿಸಿಕೊಂಡು ಹೋಗುವವನು. ಷಷ್ಠಿಗೆ ಶುರುವಾದರೆ ಪತ್ತನಾಜೆಯವರೆಗೆ ನಮಗೆ ಟರ್ಪಾಲೇ ಮನೆ. ದೇವಸ್ಥಾನದ ಜಾತ್ರೆ, ದೈವದ ನೇಮ, ಕಂಬಳ, ಅತ್ತೂರಿನ ಸಾಂತ್‌ಮಾರಿ, ಪಳ್ಳಿಯ ಉರೂಸ್, ಇವೆಲ್ಲ ನಮ್ಮ ಮನೆಯಲ್ಲಿ ಒಂದೇ ಕ್ಯಾಲೆಂಡರಿನಲ್ಲಿ ಇರುತ್ತಿದ್ದವು. ಯಾವ ಊರಿನ ತೇರು ಯಾವಾಗ ಎಂದು ನನ್ನ ಉಮ್ಮನಿಗೆ ಬಾಯಿಪಾಠ ಇತ್ತು. ತೇರಿನ ದಿನ ಮಳೆ ಬಾರದಿರಲಿ ಎಂದು ದುಆ ಮಾಡುತ್ತಿದ್ದ ಬ್ಯಾರ್ತಿ ನನ್ನ ಉಮ್ಮ. ನಮಗೆ 'ಬ್ಯಾರಿ' ಎಂಬ ಹೆಸರು ಬಂದದ್ದೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರ, ಎಂಬ ಮಾತಿನಿಂದ ಎಂದು ತಿಳಿದವರು ಹೇಳುತ್ತಾರೆ. ಹಾಗಿದ್ದರೆ ಜಾತ್ರೆಯ ಗದ್ದೆಯೇ ನಮ್ಮ ತವರು.

ಚಾದರ ತರಲು ನಾನು ಸೊಲ್ಲಾಪುರಕ್ಕೆ ಹೋಗುತ್ತೇನೆ. ಜಿಐ ಟ್ಯಾಗ್ ಸಿಕ್ಕಿದ ಸೊಲ್ಲಾಪುರ ಚಾದರ ನೀವೂ ಹೊದ್ದಿರುತ್ತೀರಿ. ಅಲ್ಲಿ ಮಗ್ಗದವರು ತೆಲುಗು ಮಾತಾಡುತ್ತಾರೆ, ಬಿಲ್ಲು ಮರಾಠಿಯಲ್ಲಿ, ಲೋಡ್ ಮಾಡುವ ಹುಡುಗರದ್ದು ಉರ್ದು. ನಾನು ಹೋಗುವ ಅಂಗಡಿಯ ಗುಮಾಸ್ತರು ಮಾತ್ರ ಕನ್ನಡದವರು, ವಾಗದರಿಯವರು. ಹತ್ತು ಹನ್ನೆರಡು ವರ್ಷದ ಪರಿಚಯ. ನನ್ನನ್ನು 'ಸಾಹೇಬ್ರ' ಎನ್ನುತ್ತಾರೆ. ಪ್ರತಿ ಸಲ ನಾನು ಅವರಿಗೆ ನಮ್ಮೂರಿನ ಬಡಾಯಿ ಕೊಚ್ಚುತ್ತಿದ್ದೆ. ಸಮುದ್ರ ನೋಡಲು ಬನ್ನಿ, ಜಾತ್ರೆಗೆ ಬನ್ನಿ, ಇಂಥ ಜಾತ್ರೆಯಲ್ಲಿ ತೇರಿನ ಗದ್ದೆಯ ಬಲಬದಿಗೆ ನನ್ನ ಅಂಗಡಿ, ಕೇಳಿದರೆ ಯಾರೂ ತೋರಿಸುತ್ತಾರೆ ಎಂದು.

2022ರ ಬೇಸಿಗೆಯಲ್ಲಿ ಅವರು ನಿಜವಾಗಿಯೂ ಬಂದರು. ಟೆಂಪೋ ಟ್ರಾವೆಲರ್ ಮಾಡಿಕೊಂಡು ಮನೆಯವರೆಲ್ಲ ಧರ್ಮಸ್ಥಳ, ಕುಕ್ಕೆ, ಕಟೀಲು, ಉಡುಪಿ, ಮಲ್ಪೆ, ಮುರುಡೇಶ್ವರ ಸುತ್ತಿದರು. ನಡುವೆ ನಾನು ಹೇಳಿದ ಜಾತ್ರೆಗೂ ಹೋದರು. ಗದ್ದೆಯ ಬಲಬದಿ, ಎಡಬದಿ ಎರಡೂ ಹುಡುಕಿದರು. ನಾನು ಇರಲಿಲ್ಲ. ಫೋನ್ ಮಾಡಿದರು. ನನಗೆ ಮೈ ಸರಿ ಇಲ್ಲ ಎಂದು ಸುಳ್ಳು ಹೇಳಿದೆ.

ಅದೇ ವರ್ಷ ಚಳಿಗಾಲಕ್ಕೆ ಸರಕು ತರಲು ಹೋದಾಗ ಅವರು ನನ್ನನ್ನು ಬಿಡದೆ ವಾಗದರಿಗೆ ಕರೆದುಕೊಂಡು ಹೋದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಬಡಿಸುತ್ತಾ ಅವರ ಅವ್ವ ಕೇಳಿದರು:

"ಸಾಹೇಬ್ರ, ನಿಮ್ಮ ಊರಾಗ ಎಲ್ಲಾ ನೋಡಿ ಬಂದ್ವಿ. ಸಮುದ್ರ ನೋಡಿದ್ವಿ, ತೇರು ನೋಡಿದ್ವಿ. ನಿಮ್ಮ ಅಂಗಡಿ ಮಾತ್ರ ಎಲ್ಲೂ ಕಾಣಲಿಲ್ಲ ನೋಡ್ರಿ. ನೀವು ಅಲ್ಲಿಯವ್ರ ಹೌದೋ ಅಲ್ಲೋ?"

ಅವರು ತಮಾಷೆಗೆ ಕೇಳಿದ್ದು. ನನಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಆಗ ನಿಜ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಳಿಗಾರ ಇಲ್ಲ, ಮಿಠಾಯಿಯವ ಇಲ್ಲ ಅಂದ್ರ ಅದೇನ್ ಜಾತ್ರಿರಿ? ತೇರು ಎಳದು ಸುಮ್ನ ಮನಿಗೆ ಹೋಗೋದೇನು?" ಎಂದರು. ಅವರೂರಲ್ಲಿ ಪರಮೇಶ್ವರನ ಜಾತ್ರೆ ಆಗುತ್ತದೆ. ಬಳೆ ತೊಡಿಸುವವರು ಯಾವ ಜಾತಿ ಎಂದು ಇಷ್ಟು ವರ್ಷ ಕೇಳಿದ್ದೇ ಇಲ್ಲವಂತೆ.

ನಿಜ ಏನೆಂದರೆ, ಆ ಜಾತ್ರೆಗೆ ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಹೋಗಿದ್ದೆ. ಆ ವರ್ಷ ನೆಲಬಾಡಿಗೆ ಕಟ್ಟಲು ಹೋದಾಗ, ನನಗೆ ಚೆನ್ನಾಗಿ ಗೊತ್ತಿರುವವರೇ, ಮಗಳ ಮದುವೆಗೆ ನನ್ನಿಂದ ಚಾದರ ಸಾಲ ಕೊಂಡವರೇ ಹೇಳಿದರು: "ಈ ವರ್ಷ ಬೇಡ ಮಾರಾಯ್ರೆ. ನಂಗೇನೂ ಇಲ್ಲ. ಸುಮ್ಮನೆ ಗಲಾಟೆ ಯಾಕೆ?" ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಚಹಾ ಕುಡಿಸಿಯೇ ಕಳಿಸಿದರು. ಆ ಸೀಸನ್‌ನಲ್ಲಿ ತಂದ ಚಾದರದ ಅರ್ಧ ಗಂಟು ಮಳೆಗಾಲವೆಲ್ಲ ನಮ್ಮ ಜಗಲಿಯಲ್ಲಿ ಬಿದ್ದಿತ್ತು. ಉಪ್ಪ ಅದರ ಪಕ್ಕದಲ್ಲೇ ಕೂತು ತಸ್ಬೀಹ್ ಎಣಿಸುತ್ತಿದ್ದರು. ಏನೂ ಮಾತಾಡಲಿಲ್ಲ.

ನನ್ನೊಬ್ಬನ ಕತೆ ಆಗಿದ್ದರೆ ಬರೆಯುತ್ತಿರಲಿಲ್ಲ. ಆ ಮಾರ್ಚ್ ತಿಂಗಳು ನಿಮಗೆ ನೆನಪಿರಬೇಕು. 15ಕ್ಕೆ ಹಿಜಾಬ್ ತೀರ್ಪು ಬಂತು. 17ಕ್ಕೆ ನಮ್ಮವರು ಬಂದ್ ಮಾಡಿದರು. ಅದರ ಬೆನ್ನಿಗೇ ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಇಲ್ಲವಾಯಿತು. ಅಲ್ಲಿಂದ ಬ್ಯಾನರು ಊರಿಂದೂರಿಗೆ ಹಬ್ಬಿತು. ಮೂಲ್ಕಿಯ ಬಪ್ಪನಾಡಿನ ಜಾತ್ರೆಯ ಹೊತ್ತಿಗೂ ಅಂಥ ಬ್ಯಾನರು ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂತು.

ಬಪ್ಪನಾಡು! ಆ ಹೆಸರನ್ನು ಇನ್ನೊಮ್ಮೆ ಓದಿ. ಕರಾವಳಿಗೆ ಬರುವ ಪ್ರವಾಸಿಗರಿಗೆ ಹೇಳುವ ಕತೆಗಳಲ್ಲಿ ಇದು ದೊಡ್ಡ ಕತೆ. ಬಪ್ಪ ಬ್ಯಾರಿ ಎಂಬ ವ್ಯಾಪಾರಿಯ ಹಡಗು ಶಾಂಭವಿ ನದಿಯಲ್ಲಿ ನಿಂತಿತು, ಕನಸಿನಲ್ಲಿ ದೇವಿಯ ಅಪ್ಪಣೆ ಆಯಿತು, ಅವನೇ ಗುಡಿ ಕಟ್ಟಿಸಿದ, ಅದರಿಂದ ಊರಿಗೆ ಬಪ್ಪನಾಡು ಎಂದು ಹೆಸರು ಬಂತು. ಜಾತ್ರೆಯಲ್ಲಿ ಬಪ್ಪ ಬ್ಯಾರಿಯ ಮನೆತನಕ್ಕೆ ಪ್ರಸಾದದ ಗೌರವ ಸಲ್ಲುತ್ತದೆ ಎಂಬ ವಾಡಿಕೆಯೂ ಇದೆ. ಅಲ್ಲಿಯ ದೊಡ್ಡ ಡೋಲು, ಶಯನೋತ್ಸವದ ಮಲ್ಲಿಗೆ, ಬಪ್ಪ ಬ್ಯಾರಿಯ ಕತೆ, ಮೂರನ್ನೂ ಜೊತೆಗಿಟ್ಟು ಹೇಳುತ್ತಾರೆ. ಕೇಳಿದವರು ತಲೆದೂಗುತ್ತಾರೆ. ಎಂಥ ಸೌಹಾರ್ದ, ಎಂಥ ಮಣ್ಣು ಎನ್ನುತ್ತಾರೆ.

ನನ್ನ ತಕರಾರು ಇರುವುದು ಇಲ್ಲಿ. ಕತೆಯ ಬ್ಯಾರಿ ಬೇಕು, ಟರ್ಪಾಲಿನ ಕೆಳಗಿನ ಬ್ಯಾರಿ ಬೇಡ. ಎಷ್ಟೋ ನೂರು ವರ್ಷದ ಹಿಂದೆ ಸತ್ತ ವ್ಯಾಪಾರಿಗೆ ಮರ್ಯಾದೆ, ಬದುಕಿರುವ ವ್ಯಾಪಾರಿಗೆ "ಈ ವರ್ಷ ಬೇಡ ಮಾರಾಯ್ರೆ". ಕರಾವಳಿಯನ್ನು ಪ್ರವಾಸಿಗರಿಗೆ ತೋರಿಸುವವರು ಕಾಪುವಿನ 1901ರ ದೀಪಸ್ತಂಭ ತೋರಿಸುತ್ತಾರೆ, ಪಣಂಬೂರಿನ ಗಾಳಿಪಟ ತೋರಿಸುತ್ತಾರೆ, ಕೊಂಬು ಕಹಳೆ, ಹುಲಿವೇಷ ತೋರಿಸುತ್ತಾರೆ. ಅದೇ ಕಾಪುವಿನಲ್ಲಿ, ದೀಪಸ್ತಂಭದಿಂದ ಸ್ವಲ್ಪ ಆಚೆ, ಬಲೂನು ಮಾರುವವನ ಹೆಸರು ಕೇಳಿ ವಾಪಸು ಕಳಿಸಿದ್ದನ್ನು ಯಾವ ಗೈಡೂ ಹೇಳುವುದಿಲ್ಲ. ಜಾತ್ರೆ ಎಂದರೆ ನೋಡುವ ವಸ್ತು ಎಂದು ಪ್ರವಾಸಿ ತಿಳಿದಿದ್ದಾನೆ. ಹತ್ತು ಅಡಿ ಜಾಗ, ಒಂದು ಬಲ್ಬು, ಮೂರು ರಾತ್ರಿ ನಿದ್ದೆಗೆಟ್ಟು ದುಡಿದ ಹಣದಲ್ಲಿ ಮಕ್ಕಳ ಶಾಲೆಯ ಫೀಸು, ನಮಗೆ ಜಾತ್ರೆ ಎಂದರೆ ಇದು.

ವಾಗದರಿಯಿಂದ ಮರಳುವ ದಾರಿಯಲ್ಲಿ ಗುಮಾಸ್ತರು ಒಂದು ಮಾತು ಹೇಳಿದರು. ಕರ್ನಾಟಕದ ರಾಜ್ಯ ಹೆದ್ದಾರಿ 10ರ ಹೆಸರು ವಾಗದರಿ–ರಿಬ್ಬನಪಲ್ಲಿ ರಸ್ತೆ. ಗಡಿಯಿಂದ ಆಳಂದ, ಕಲಬುರಗಿ, ಸೇಡಂ ದಾಟಿ ತೆಲಂಗಾಣದ ಗಡಿಯವರೆಗೆ ಹೋಗುತ್ತದೆ. ರಸ್ತೆ ಕರ್ನಾಟಕದ್ದು, ಹೆಸರು ವಾಗದರಿಯದ್ದು, ಆದರೆ ವಾಗದರಿ ಮಾತ್ರ ಕರ್ನಾಟಕದಲ್ಲಿ ಇಲ್ಲ. 1967ರ ಮಹಾಜನ್ ವರದಿ ಅಕ್ಕಲಕೋಟೆ ತಾಲೂಕನ್ನು ಕರ್ನಾಟಕಕ್ಕೆ ಸೇರಿಸಬೇಕು ಎಂದಿತ್ತು. ಚಂದ್ರಗಿರಿ ಹೊಳೆಯಿಂದ ಉತ್ತರದ ಕಾಸರಗೋಡನ್ನೂ ಸೇರಿಸಬೇಕು ಎಂದಿತ್ತು. ಅಲ್ಲಿಯೂ ನಮ್ಮ ಬ್ಯಾರಿಗಳು ಇದ್ದಾರಲ್ಲ! ಎರಡೂ ಆಗಲಿಲ್ಲ. "ಬೋರ್ಡಿನ ಮ್ಯಾಲ ನಾವು ಅದೀವಿ, ಒಳಗ ಇಲ್ಲರಿ" ಎಂದು ಅವರು ನಕ್ಕರು. ನಾನು ಬಪ್ಪನಾಡಿನ ಬೋರ್ಡು ನೆನೆಸಿಕೊಂಡೆ. ಅವರದ್ದು ಎರಡು ರಾಜ್ಯಗಳ ಜಗಳ. ನಮ್ಮದು ನಮ್ಮೂರಿನೊಳಗೇ ಎಳೆದ ಗೆರೆ.

ಬಯಲುಸೀಮೆ ಸ್ವರ್ಗ ಎಂದು ನಾನು ಹೇಳುವುದಿಲ್ಲ. ಅದೇ ರಸ್ತೆಯ ಆಳಂದದಲ್ಲಿ, ಲಾಡ್ಲೆ ಮಶಾಯಿಕ್ ದರ್ಗಾದಲ್ಲಿ, 2022ರ ಮಾರ್ಚ್ 1ರ ಶಿವರಾತ್ರಿಗೆ ಏನಾಯಿತು ಎಂದು ಎಲ್ಲರಿಗೂ ಗೊತ್ತು. ನಿಷೇಧಾಜ್ಞೆ, ಕಲ್ಲುತೂರಾಟ. ವಿಷಕ್ಕೆ ಗಡಿ ಇಲ್ಲ. ಆದರೂ ಆ ಅವ್ವನಿಗೆ ನನ್ನ ಅಂಗಡಿ ಕಾಣದಿದ್ದದ್ದು ಜಾತ್ರೆಯ ಕೊರತೆ ಎಂದು ಅನಿಸಿತು. ನಮ್ಮೂರಿನಲ್ಲಿ ಎಷ್ಟು ಜನಕ್ಕೆ ಹಾಗೆ ಅನಿಸಿತು?

ಈಗ ಅವರು ಹೇಳುವ ಕಾರಣಗಳನ್ನು ನೋಡೋಣ. ಒಂದು, ನೀವು ಬಂದ್ ಮಾಡಿದಿರಿ, ಅದಕ್ಕೆ ಉತ್ತರ ಇದು ಎನ್ನುತ್ತಾರೆ. ಬಂದ್ ದಿನ ಅಂಗಡಿ ಮುಚ್ಚಿದ್ದು ನಮ್ಮದೇ ಅಂಗಡಿ. ಒಂದು ದಿನದ ನಷ್ಟ ನಮ್ಮ ಕಿಸೆಗೆ. ಅದಕ್ಕೆ ಬಲೂನಿನವನ ವರ್ಷದ ದುಡಿಮೆ ಕಿತ್ತುಕೊಳ್ಳುವುದು ಯಾವ ಲೆಕ್ಕ? ನಾನು ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ, ಇಂಥ ತಕ್ಕಡಿ ಕಂಡಿಲ್ಲ.

ಎರಡನೆಯದು ಕಾನೂನು. ಹಿಂದೂ ಧಾರ್ಮಿಕ ಸಂಸ್ಥೆಗಳ 1997ರ ಕಾಯ್ದೆಯ ಕೆಳಗೆ 2002ರಲ್ಲಿ ಮಾಡಿದ ನಿಯಮಗಳಲ್ಲಿ 31(12) ಎಂದು ಒಂದಿದೆ. ದೇವಸ್ಥಾನದ ಹತ್ತಿರದ ಜಮೀನು, ಕಟ್ಟಡ, ನಿವೇಶನ ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಎಂದು. ಸರ್ಕಾರ ಅದನ್ನು ವಿಧಾನಮಂಡಲದಲ್ಲಿ ಓದಿ ಹೇಳಿತು. 2002ರಲ್ಲಿ ಇದ್ದದ್ದು ಕಾಂಗ್ರೆಸ್ ಸರ್ಕಾರ, 2022ರಲ್ಲಿ ಇದ್ದದ್ದು ಬಿಜೆಪಿ ಸರ್ಕಾರ. ಒಬ್ಬರು ಬರೆದಿಟ್ಟರು, ಇನ್ನೊಬ್ಬರು ತೆಗೆದು ಓದಿದರು. ನನ್ನದು ಒಂದೇ ಪ್ರಶ್ನೆ. ಆ ನಿಯಮ ಇದ್ದ ಇಪ್ಪತ್ತು ವರ್ಷವೂ ನಾನು ಅದೇ ಗದ್ದೆಯಲ್ಲಿ ಅಂಗಡಿ ಹಾಕಿದ್ದೇನೆ, ರಶೀದಿ ಪಡೆದಿದ್ದೇನೆ. ಹಾಗಾದರೆ 2022ರಲ್ಲಿ ಬದಲಾದದ್ದು ಕಾನೂನೋ, ಮನಸ್ಸೋ? ಮೂರು ದಿನದ ಟರ್ಪಾಲು ಗುತ್ತಿಗೆ ಆಗುತ್ತದೆಯೇ? ಬ್ಯಾನರು ಕಟ್ಟಿದ ಸಾರ್ವಜನಿಕ ರಸ್ತೆಗೂ ಆ ನಿಯಮಕ್ಕೂ ಏನು ಸಂಬಂಧ?

ಮೂರನೆಯದು, ಹೆಸರು ತಿಳಿಯುವುದರಲ್ಲಿ ಏನು ತಪ್ಪು ಎನ್ನುತ್ತಾರೆ. 2023ರ ನವರಾತ್ರಿಗೆ ಮಂಗಳೂರಿನಲ್ಲಿ ಹಿಂದೂಗಳ ಅಂಗಡಿಗೆ ಕೇಸರಿ ಧ್ವಜ ಕಟ್ಟಿ ಗುರುತು ಮಾಡಿದರು. 2024ರಲ್ಲಿ ಉತ್ತರ ಪ್ರದೇಶದಲ್ಲಿ ಕಾವಡ್ ಯಾತ್ರೆಯ ದಾರಿಯ ಅಂಗಡಿಗಳಿಗೆ ಮಾಲೀಕರ ಹೆಸರು ಬರೆಯಿರಿ ಎಂದು ಆದೇಶ ಬಂತು. ಆ ವರ್ಷದ ಜುಲೈ 22ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಏನು ಮಾರುತ್ತೀ ಎಂದು ಕೇಳಬಹುದು, ಯಾರು ನೀನು ಎಂದು ಕೇಳಿ ಗುರುತು ಹಚ್ಚಬಾರದು. ನಮ್ಮ ಊರಿನವರಿಗೂ ಈ ಮಾತು ಅರ್ಥ ಆಗಬೇಕು.

ಇಷ್ಟು ಹೊರಗಿನವರಿಗೆ. ಇನ್ನು ನಮ್ಮವರಿಗೆ.

ನಮ್ಮ ದೊಡ್ಡವರು ಮಾಡಿದ್ದೇನು? ಸೌಹಾರ್ದ ಸಭೆಗಳಲ್ಲಿ ವೇದಿಕೆ ಹತ್ತಿ ಬಪ್ಪ ಬ್ಯಾರಿಯ ಕತೆ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಆ ಕತೆ ನಮ್ಮ ಕೈಯಲ್ಲಿ ಒಂದು ಸರ್ಟಿಫಿಕೇಟ್ ಆಗಿದೆ. ನಾವೂ ಒಳ್ಳೆಯವರು, ನಮ್ಮ ಹಿರಿಯರು ಗುಡಿ ಕಟ್ಟಿಸಿದವರು, ನಮ್ಮನ್ನು ಇಲ್ಲಿ ಇರಲು ಬಿಡಿ ಎಂದು ತೋರಿಸುವ ಸರ್ಟಿಫಿಕೇಟ್. ಗುಡಿ ಕಟ್ಟಿಸದ ಬ್ಯಾರಿಗೆ ಚಾದರ ಮಾರುವ ಹಕ್ಕು ಇಲ್ಲವೇ? ಈ ದೇಶದ ಪ್ರಜೆಗೆ ದುಡಿಯುವ ಹಕ್ಕು ಸಂವಿಧಾನದ 19ನೇ ವಿಧಿಯಿಂದ ಬಂದಿದೆ, ದಂತಕತೆಯಿಂದಲ್ಲ. ಗಲ್ಫ್‌ನಲ್ಲಿ, ಬಿಲ್ಡಿಂಗ್‌ನಲ್ಲಿ, ಆಸ್ಪತ್ರೆಯಲ್ಲಿ ಹಣ ಮಾಡಿದ ನಮ್ಮವರು ಜಾತ್ರೆ ವ್ಯಾಪಾರಿಯ ಪರವಾಗಿ ಒಬ್ಬ ವಕೀಲರನ್ನು ಇಟ್ಟರೇ? ಒಂದು ಅರ್ಜಿ ಬರೆಸಿದರೇ? ಅವರಿಗೆ ಸಂತೆ ವ್ಯಾಪಾರಿ ಎಂದರೆ ಹಳೆಯ ಬಡತನದ ನೆನಪು. ಮಗಳ ಮದುವೆಯ ಮಾತುಕತೆಯಲ್ಲಿ ಹುಡುಗ ಜಾತ್ರೆಯಲ್ಲಿ ಅಂಗಡಿ ಹಾಕುತ್ತಾನೆ ಎಂದರೆ ಮುಖ ತಿರುಗಿಸುವವರು ನಾವೇ. ಬ್ಯಾರದಿಂದ ಹೆಸರು ಪಡೆದವರು ಬ್ಯಾರ ಮಾಡುವವನನ್ನು ಕಂಡು ನಾಚಿದರೆ, ಹೊರಗಿನವರನ್ನು ದೂರಿ ಏನು ಪ್ರಯೋಜನ?

ಇನ್ನೊಂದು ಗುಂಪು ಇದೆ. ಅವರು ವಾಟ್ಸಾಪಿನಲ್ಲಿ, ಹಾಗಾದರೆ ನಮ್ಮ ಉರೂಸಿಗೂ ಅವರು ಬೇಡ, ನಮ್ಮವರ ಅಂಗಡಿಯಲ್ಲೇ ಕೊಳ್ಳಿ ಎಂದು ಬರೆಯುತ್ತಾರೆ. ಇವರ ಮೇಲೆ ನನಗೆ ಹೆಚ್ಚು ಸಿಟ್ಟು. ಅಂಗಡಿಯಲ್ಲಿ ಕೂತು ಗೊತ್ತಿಲ್ಲದವರ ಮಾತು ಇದು. ನನ್ನ ಗಿರಾಕಿ ಯಾರು ಗೊತ್ತೇ? ಬಂಟರ ಅಜ್ಜಿ, ಮೊಗವೀರರ ಹೆಂಗಸರು, ಬಿಲ್ಲವರ ಹೊಸ ಮದುಮಕ್ಕಳು, ಬೇಸಾಯದವರು, ಪುರ್ಬುಗಳು. ಪಕ್ಕದ ಟರ್ಪಾಲಿನ ಚುರುಮುರಿಯವರು ನನ್ನ ಗಲ್ಲಾಪೆಟ್ಟಿಗೆ ನೋಡಿಕೊಂಡದ್ದಕ್ಕೆ ನಾನು ನಮಾಜಿಗೆ ಹೋಗಿ ಬಂದದ್ದು. ಉರೂಸಿನಲ್ಲಿ ಅವರ ಅಂಗಡಿಗೆ ನನ್ನ ಲೈನಿನಿಂದಲೇ ಕರೆಂಟು ಕೊಟ್ಟದ್ದು. ಅವರು ಮಾಡಿದ ತಪ್ಪನ್ನೇ ನಾವೂ ಮಾಡಿದರೆ ತಪ್ಪು ಎರಡಾಗುತ್ತದೆ, ಜಾತ್ರೆ ಒಂದೂ ಉಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನನಗೆ ತಿಳಿದಷ್ಟು ಹೇಳುತ್ತೇನೆ.

ಉಳ್ಳಾಲದಲ್ಲಿ ಪಂಚವಾರ್ಷಿಕ ಉರೂಸ್ ನಡೆಯುತ್ತದೆ. ಇಡೀ ಕರಾವಳಿ ಅಲ್ಲಿಗೆ ಬರುತ್ತದೆ. ಉಳ್ಳಾಲದಲ್ಲಿಯೂ, ಎಲ್ಲ ಊರಿನ ಉರೂಸ್‌ಗಳಲ್ಲಿಯೂ, ಅಂಗಡಿ ಜಾಗ ಎಲ್ಲ ಜಾತಿ ಧರ್ಮದವರಿಗೂ ಮುಕ್ತ ಎಂದು ದೊಡ್ಡ ಅಕ್ಷರದಲ್ಲಿ ಬ್ಯಾನರು ಹಾಕಿ. ನಡೆದು ಬಂದ ಪದ್ಧತಿಯನ್ನು ಬಾಯಿಬಿಟ್ಟು ಹೇಳುವ ಕಾಲ ಬಂದಿದೆ. ಏಲಂ ಇದ್ದರೆ ಎಲ್ಲರ ಎದುರು ನಡೆಸಿ, ರಶೀದಿ ಕೊಡಿ.

ಜಮಾಅತ್ ಕಮಿಟಿಗಳು ತಮ್ಮ ಮೊಹಲ್ಲಾದ ಜಾತ್ರೆ ವ್ಯಾಪಾರಿಗಳ ಪಟ್ಟಿ ಮಾಡಲಿ. ಯಾರಿಗೆ ಎಲ್ಲಿ ಜಾಗ ತಪ್ಪಿತು, ಯಾರು ಏನು ಹೇಳಿದರು, ತಾರೀಕು ಸಹಿತ ಬರೆದಿಡಲಿ. ಬರೆದಿಡದ ಅನ್ಯಾಯಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯ ಕೆಳಗೆ ಪೇಟೆಯಲ್ಲಿ ಇರುವವರು ಗುರುತಿನ ಚೀಟಿ ಮಾಡಿಸಿಕೊಳ್ಳಿ. ಚೀಟಿ ಇಲ್ಲದವನನ್ನು ಎಬ್ಬಿಸುವುದು ಸುಲಭ.

ನಮ್ಮನ್ನು ಬಿಟ್ಟುಕೊಡದ ಊರುಗಳೂ ಇವೆ, ಬ್ಯಾನರು ಹರಿದು ಹಾಕಿ ಅಂಗಡಿ ಹಾಕಿಸಿದ ಹಿಂದೂ ಗೆಳೆಯರೂ ಇದ್ದಾರೆ. ಅವರ ಮನೆಗೆ ಹೋಗಿ, ಪೆರ್ನಾಲ್‌ಗೆ ಕರೆಯಿರಿ. ಅವರ ಜೊತೆ ನಿಂತು ಆಡಳಿತ ಮಂಡಳಿಯವರ ಹತ್ತಿರ ಮಾತಾಡಿ. ಹೋಗುವಾಗ ಬಪ್ಪ ಬ್ಯಾರಿಯ ಕತೆ ತೆಗೆದುಕೊಂಡು ಹೋಗಬೇಡಿ. ಹಳೆಯ ರಶೀದಿ ತೆಗೆದುಕೊಂಡು ಹೋಗಿ.

ಮನೆಗೆ ನೆಂಟರು ಬಂದಾಗ ಬೀಚು, ಮಾಲು ಮಾತ್ರ ತೋರಿಸಬೇಡಿ. ಬಂದರಿನ ಝೀನತ್ ಬಕ್ಷ್ ಪಳ್ಳಿಯ ಮರದ ಕೆತ್ತನೆ ತೋರಿಸಿ, ಧಕ್ಕೆ ತೋರಿಸಿ, ಜಾತ್ರೆಗೂ ಕರೆದುಕೊಂಡು ಹೋಗಿ. ಹೆದರಿ ಮನೆಯಲ್ಲಿ ಕೂತರೆ ಬ್ಯಾನರು ಕಟ್ಟಿದವನಿಗೆ ಎರಡನೇ ವರ್ಷ ಬ್ಯಾನರಿನ ಖರ್ಚೂ ಇಲ್ಲ. ನಮ್ಮ ಮಕ್ಕಳು ತೇರು ನೋಡದೆ ಬೆಳೆದರೆ, ಅಲ್ಲಿ ತಮಗೆ ಜಾಗ ಇತ್ತು ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ನನ್ನ ಮಗ ಈಗಾಗಲೇ ದುಬೈ ವೀಸಾ ಕೇಳುತ್ತಿದ್ದಾನೆ. ಹೋಗಬೇಡ ಎನ್ನುವುದಿಲ್ಲ. ಆದರೆ ಇಷ್ಟಪಟ್ಟು ಹೋಗುವುದು ಬೇರೆ, ಜಾಗ ಇಲ್ಲವೆಂದು ಹೋಗುವುದು ಬೇರೆ.

ಷಷ್ಠಿ ಹತ್ತಿರ ಬಂತು. ಸೊಲ್ಲಾಪುರದಿಂದ ಈ ಸಲದ ಗಂಟು ಬಂದಿದೆ. ಗುಮಾಸ್ತರು ಫೋನ್ ಮಾಡಿದ್ದರು. ಅವ್ವನಿಗೆ ಮತ್ತೆ ಸಮುದ್ರ ನೋಡಬೇಕಂತೆ, ಬೇಸಿಗೆಗೆ ಬರುತ್ತಾರಂತೆ. ಈ ಸಲ ನಾನು ಆ ಜಾತ್ರೆಗೆ ಹಳೆಯ ರಶೀದಿಗಳನ್ನೆಲ್ಲ ಹಿಡಿದುಕೊಂಡು ನೆಲಬಾಡಿಗೆ ಕಟ್ಟಲು ಹೋಗುತ್ತೇನೆ. ಕೊಡುವುದಿಲ್ಲ ಎಂದರೆ ಯಾಕೆ ಎಂದು ಬರೆದು ಕೊಡಿ ಎನ್ನುತ್ತೇನೆ. ಒಬ್ಬನೇ ಹೋದರೆ ಚಹಾ ಕುಡಿಸಿ ಕಳಿಸುತ್ತಾರೆ ಎಂದು ಗೊತ್ತು. ಅದಕ್ಕೇ ಇದನ್ನು ಬರೆದೆ. ಜೊತೆಗೆ ಬರುವವರು ಇದ್ದರೆ ಬನ್ನಿ.

ನೀವು ಅಲ್ಲಿಯವರು ಹೌದೋ ಅಲ್ಲವೋ ಎಂದು ಆ ಅವ್ವ ಮತ್ತೆ ಕೇಳಿದರೆ, ಇನ್ಶಾ ಅಲ್ಲಾಹ್, ಗದ್ದೆಯ ಬಲಬದಿಗೆ ಬನ್ನಿ, ಅಂಗಡಿ ಅಲ್ಲೇ ಇದೆ ಎಂದು ಹೇಳಬೇಕು ನನಗೆ.